ಮೊದಲ ಮನೆಯ ಗೋದಲಿ

ಕಳೆದ ವರ್ಷ ಆಗಮನ ಕಾಲದ ಎರಡನೆಯ ಭಾನುವಾರ. ಪೂಜೆ ಮುಗಿಸಿ ನಾವು ಪೂಜಾವಸ್ತ್ರ ಕಳಚಿಡುತ್ತಿದ್ದಾಗ ಯುವ ದಂಪತಿಗಳಿಬ್ಬರು ಬಾಗಿಲ ಬಳಿ ಕಾಯುತ್ತಿದ್ದರು. ಅದೇ ಮೇ ತಿಂಗಳಲ್ಲಿ ನಾವೇ ಅವರ ವಿವಾಹವನ್ನು ಆಶೀರ್ವದಿಸಿದ್ದೆವು. ಆತ ಫಿಟ್ಟರ್, ಆಕೆಯದು ಹೊಲಿಗೆ ಕೆಲಸ. ತಿಂಗಳ ಹಿಂದೆಯಷ್ಟೇ ಹಿರಿಯರ ಮನೆಯಿಂದ ಬಂದು ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಹಿಡಿದಿದ್ದರು. ಅಡ್ವಾನ್ಸ್ ಕೊಟ್ಟು, ಒಲೆ ಪಾತ್ರೆ ಕೊಂಡ ಮೇಲೆ ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ.

"ಫಾದರ್, ನಮ್ಮ ಮನೆಯಲ್ಲಿ ಇದು ಮೊದಲ ಕ್ರಿಸ್ಮಸ್. ಅಲಂಕಾರಕ್ಕೆ ಅಂತ 1,500 ರೂಪಾಯಿ ಎತ್ತಿಟ್ಟಿದ್ದೀವಿ. ಅದರಲ್ಲಿ ಏನು ತರೋದು, ಏನು ಬಿಡೋದು?" ಎಂದು ಆಕೆ ಕೇಳಿದಳು. ಆತ ತಲೆ ತಗ್ಗಿಸಿಕೊಂಡೇ, "ಗೋದಲಿ ಸ್ಪರ್ಧೆಗೆ ಹೆಸರು ಕೊಟ್ಟುಬಿಟ್ಟಿದ್ದೀನಿ ಫಾದರ್. ಇನ್ನೊಂದು 5,000 ಕೈಸಾಲ ಮಾಡೋಣ ಅಂದ್ರೆ ಇವಳು ಒಪ್ಪಲ್ಲ" ಎಂದ. ಇಬ್ಬರ ಕಣ್ಣಲ್ಲೂ ಜಗಳದ ಗುರುತಿತ್ತು.

ಆ ಸ್ಪರ್ಧೆಯನ್ನು ಘೋಷಿಸಿದವರು ನಾವೇ. ಹಿಂದಿನ ವರ್ಷ ದೊಡ್ಡ ಗೋದಲಿಗೆ, ಹೆಚ್ಚು ದೀಪ ಉರಿಸಿದ ಮನೆಗೆ ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿಸಿದವರೂ ನಾವೇ. "ಮುಂದಿನ ಭಾನುವಾರ ಬನ್ನಿ, ಮಾತಾಡೋಣ" ಎಂದು ಅವರನ್ನು ಕಳುಹಿಸಿದೆವು. ನಿಜ ಹೇಳಬೇಕೆಂದರೆ ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಆ ವಾರ ನಾವು ಓದಿಕೊಂಡದ್ದನ್ನೂ ನೆನಪು ಮಾಡಿಕೊಂಡದ್ದನ್ನೂ ಈ ಹಬ್ಬದ ಸಂಚಿಕೆಯಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಪವಿತ್ರ ಕುಟುಂಬದ ಖರ್ಚಿನ ಲೆಕ್ಕವೊಂದು ಶುಭಸಂದೇಶದಲ್ಲಿ ಇದೆ ಎಂಬುದನ್ನು ನಾವು ಬಹುಮಟ್ಟಿಗೆ ಗಮನಿಸುವುದಿಲ್ಲ. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಲು ಹೋದಾಗ ಮರಿಯಮ್ಮನವರೂ ಜೋಸೆಫರೂ ಕೊಟ್ಟ ಕಾಣಿಕೆ ಒಂದು ಜೊತೆ ಹಕ್ಕಿ ಎಂದು ಸಂತ ಲೂಕರು ತಿಳಿಸುತ್ತಾರೆ. ಮೋಶೆಯ ನಿಯಮದ ಪ್ರಕಾರ ಬಾಣಂತಿಯು ಕುರಿಮರಿಯೊಂದನ್ನು ತರಬೇಕು. ಕುರಿಮರಿ ಕೊಳ್ಳುವ ಶಕ್ತಿ ಇಲ್ಲದವಳಿಗೆ ಮಾತ್ರ ಎರಡು ಹಕ್ಕಿಗಳ ರಿಯಾಯಿತಿ. ನಜರೇತಿನ ಬಡಗಿ ಹಬ್ಬದ ದಿನ ಸಾಲ ಮಾಡಿ ಕುರಿ ತರಲಿಲ್ಲ. ಬಡವರಿಗೆಂದೇ ಇದ್ದ ಸಾಲಿನಲ್ಲಿ ನಾಚಿಕೆಯಿಲ್ಲದೆ ನಿಂತರು.

ಇನ್ನು ಗೋದಲಿಯ ಕಥೆ. ಇಟಲಿಯ ರಿಯೇಟಿ ಕಣಿವೆಯಲ್ಲಿ ಗ್ರೆಚ್ಚೊ ಎಂಬ ಸಣ್ಣ ಊರಿದೆ. 1223ರ ಕ್ರಿಸ್ಮಸ್ಸಿಗೆ ಸುಮಾರು ಹದಿನೈದು ದಿನ ಮುಂಚೆ ಅಸ್ಸಿಸಿಯ ಸಂತ ಫ್ರಾನ್ಸಿಸರು ಆ ಊರಿನ ಜಿಯೊವಾನಿ ಎಂಬ ಗೆಳೆಯನನ್ನು ಕರೆಸಿದರು. ಬೆತ್ಲೆಹೇಮಿನಲ್ಲಿ ಹಸುಗೂಸು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕು, ಅದಕ್ಕೆ ಒಂದಿಷ್ಟು ಸಿದ್ಧತೆ ಮಾಡು ಎಂದು ಕೇಳಿಕೊಂಡರು. ಆ ಸಿದ್ಧತೆ ಏನು? ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟೆ. ಎಲ್ಲವೂ ಹಳ್ಳಿಯ ಕೊಟ್ಟಿಗೆಗಳಲ್ಲಿ ಸಿಗುವಂಥವು. ಊರವರು ಪಂಜು, ಮೇಣದ ಬತ್ತಿ ಹಿಡಿದು ಕತ್ತಲೆಯಲ್ಲಿ ನಡೆದು ಬಂದರು. ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಡೀಕನ್ ಉಡುಪಿನಲ್ಲಿ ಶುಭಸಂದೇಶವನ್ನು ಹಾಡಿದರು, ಪ್ರಬೋಧನೆ ಮಾಡಿದರು. ಈ ವಿವರವನ್ನು ಐದಾರು ವರ್ಷಗಳೊಳಗೆ ಬರೆದಿಟ್ಟವರು ಚೆಲಾನೊದ ಥಾಮಸ್. ತೊಟ್ಟಿಯಲ್ಲಿ ಮಗುವಿನ ಬೊಂಬೆ ಇಟ್ಟಿದ್ದರೆಂದು ಅವರು ಹೇಳುವುದಿಲ್ಲ. ಅಲ್ಲಿದ್ದ ಒಬ್ಬ ಸಜ್ಜನನಿಗೆ ಮಾತ್ರ, ತೊಟ್ಟಿಯಲ್ಲಿ ನಿದ್ರಿಸುತ್ತಿದ್ದ ಮಗುವನ್ನು ಫ್ರಾನ್ಸಿಸರು ಎಚ್ಚರಿಸುವಂತೆ ದರ್ಶನವಾಯಿತಂತೆ. ಹಬ್ಬ ಮುಗಿದ ಮೇಲೆ ಆ ಹುಲ್ಲನ್ನೂ ಎಸೆಯಲಿಲ್ಲ. ಕಾಯಿಲೆ ಬಿದ್ದ ದನಕರುಗಳಿಗೆ ತಿನ್ನಿಸಿದರು.

ನಂತರದ ಶತಮಾನಗಳಲ್ಲಿ ಗೋದಲಿ ಅರಮನೆಯನ್ನೂ ಸೇರಿತು. 18ನೆಯ ಶತಮಾನದ ನೇಪಲ್ಸ್ ನಗರದಲ್ಲಿ ಬೂರ್ಬನ್ ದೊರೆ ಚಾರ್ಲ್ಸನ ಕಾಲಕ್ಕೆ ರೇಷ್ಮೆ ಉಡುಪಿನ ಬೊಂಬೆಗಳು, ಪುಟ್ಟ ಮಾರುಕಟ್ಟೆಗಳು, ಸಂಗೀತಗಾರರು, ದೂರದೇಶದ ರಾಜಪರಿವಾರ ಎಲ್ಲವೂ ಅದರಲ್ಲಿ ತುಂಬಿದವು. ಕಲೆಯಾಗಿ ಅವು ಅಮೂಲ್ಯ. ಆದರೆ ಆ ಸಂತೆಯ ನಡುವೆ ಮಗುವನ್ನು ಹುಡುಕಲು ಸ್ವಲ್ಪ ಹೊತ್ತು ಬೇಕು.

ಗೋದಲಿ ಮತ್ತೆ ಬಡವರ ಮನೆಗೆ ಬಂದದ್ದು ಒಂದು ಸಂಕಟದ ಕಾಲದಲ್ಲಿ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಚರ್ಚುಗಳು ಮುಚ್ಚಿದವು, ನಡುರಾತ್ರಿಯ ಪೂಜೆ ನಿಂತಿತು, ದೇವಾಲಯದ ಗೋದಲಿಗಳು ಮರೆಯಾದವು. ಆಗ ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯದ ಜನ ಮನೆಯ ಮೂಲೆಯಲ್ಲೇ ಪುಟ್ಟ ಗೋದಲಿ ಇಟ್ಟುಕೊಂಡರು. ಮಾರ್ಸೇ ಬಂದರಿನ ಜಾನ್ ಲೂಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಪ್ಲಾಸ್ಟರಿನ ಅಚ್ಚು ಮಾಡಿ, ಜೇಡಿಮಣ್ಣು ಒತ್ತಿ, ಬೆರಳುದ್ದದ ಬೊಂಬೆಗಳನ್ನು ತಯಾರಿಸಿದ. ಅಚ್ಚಿನಿಂದ ಬಂದದ್ದರಿಂದ ಬೆಲೆ ಅಗ್ಗ, ಕೂಲಿಯವನೂ ಕೊಳ್ಳಬಹುದು. ಅಲ್ಲಿಯ ಭಾಷೆಯಲ್ಲಿ ಅವುಗಳ ಹೆಸರು ಸಾಂತೋನ್, ಎಂದರೆ ಪುಟ್ಟ ಸಂತ. 1803ರಲ್ಲಿ ಮಾರ್ಸೇಯಲ್ಲಿ ಅವುಗಳದೇ ಒಂದು ಜಾತ್ರೆ ಆರಂಭವಾಯಿತು. ಬಾಲಯೇಸುವಿನ ಸುತ್ತ ಅಲ್ಲಿ ಯಾರಿದ್ದಾರೆ ಗೊತ್ತೆ? ಮೀನು ಮಾರುವವಳು, ಚೂರಿ ಸಾಣೆ ಹಿಡಿಯುವವನು, ಹಿಟ್ಟಿನ ಗಿರಣಿಯವನು, ಸೌದೆ ಹೊತ್ತ ಮುದುಕಿ. ಒಂದೇ ಸಲಕ್ಕೆ ಎಲ್ಲವನ್ನೂ ಕೊಳ್ಳಬೇಕೆಂಬ ಆತುರವಿಲ್ಲ. ವರ್ಷಕ್ಕೆ ಒಂದೋ ಎರಡೋ ಬೊಂಬೆ ಸೇರಿಸುತ್ತಾ ಹೋದರೆ ಮಕ್ಕಳು ಬೆಳೆಯುವ ಹೊತ್ತಿಗೆ ಗೋದಲಿಯೂ ಬೆಳೆದಿರುತ್ತದೆ.

ಕ್ರಿಸ್ಮಸ್ ಮರದ ಕಥೆಯೂ ಇದಕ್ಕೆ ದೂರವಲ್ಲ. ಡಿಸೆಂಬರ್ 24 ಆದಾಮ ಹವ್ವರ ಸ್ಮರಣೆಯ ದಿನ. ಜರ್ಮನ್ ಸೀಮೆಯಲ್ಲಿ ಅಂದು ಆಡುತ್ತಿದ್ದ ನಾಟಕಗಳಲ್ಲಿ ಸ್ವರ್ಗೋದ್ಯಾನವನ್ನು ತೋರಿಸಲು, ಚಳಿಗಾಲದಲ್ಲೂ ಹಸಿರಾಗಿರುವ ಫರ್ ಮರಕ್ಕೆ ಸೇಬು ಕಟ್ಟುತ್ತಿದ್ದರು. ಸ್ಟ್ರಾಸ್‌ಬರ್ಗ್ ನಗರದ 1605ರ ಬರಹವೊಂದು ಮನೆಗಳೊಳಗೆ ನಿಲ್ಲಿಸಿದ ಮರವನ್ನು ವರ್ಣಿಸುತ್ತದೆ: ಬಣ್ಣದ ಕಾಗದದ ಗುಲಾಬಿ, ಸೇಬು, ತೆಳ್ಳನೆಯ ಬಿಲ್ಲೆ, ಜರಿತಗಡು, ಸಿಹಿತಿಂಡಿ. ಹಬ್ಬ ಮುಗಿದೊಡನೆ ಅಲಂಕಾರದ ಬಹುಪಾಲು ಮಕ್ಕಳ ಹೊಟ್ಟೆ ಸೇರುತ್ತಿತ್ತು!

ಆ ಸೇಬು ಗಾಜಿನ ಗುಂಡಾದದ್ದು ಹೇಗೆ? ಜರ್ಮನಿಯ ಥುರಿಂಜಿಯ ಬೆಟ್ಟಗಳಲ್ಲಿ ಲೌಷಾ ಎಂಬ ಊರಿದೆ. 1597ರಿಂದ ಅಲ್ಲಿ ಗಾಜಿನ ಕುಲುಮೆ ಉರಿದಿದೆ. ಮರಕ್ಕೆ ಕಟ್ಟಲು ಸೇಬು, ಅಕ್ರೋಟು ಕೊಳ್ಳಲಾರದ ಬಡ ಕೆಲಸಗಾರನೊಬ್ಬ ಗಾಜನ್ನೇ ಊದಿ ಹಣ್ಣು ಮಾಡಿದ ಎಂದು ಅಲ್ಲಿಯವರ ಐತಿಹ್ಯ. ಫ್ರಾನ್ಸಿನ ಲೊರೇನ್ ಸೀಮೆಯಲ್ಲೂ ಇಂಥದೇ ಕಥೆ: 1858ರಲ್ಲಿ ಬರ ಬಂದು ಸೇಬಿನ ಫಸಲು ಕೈಕೊಟ್ಟಾಗ ಗಾಜು ಊದುವವರು ಮಕ್ಕಳಿಗಾಗಿ ಗಾಜಿನ ಸೇಬು ಮಾಡಿದರಂತೆ. ಐತಿಹ್ಯ ಹಾಗಿರಲಿ, 1848ರ ಹೊತ್ತಿಗೆ ಲೌಷಾದ ಲೆಕ್ಕದ ಪುಸ್ತಕದಲ್ಲಿ ಕ್ರಿಸ್ಮಸ್ ಗುಂಡುಗಳು ಡಜನ್ ಲೆಕ್ಕದಲ್ಲಿ ದಾಖಲಾಗಿವೆ. ಅದೇ ವರ್ಷ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರವನ್ನು ಅಚ್ಚು ಹಾಕಿತು. ರಾಣಿಯ ಮನೆಯಲ್ಲಿ ಇದ್ದದ್ದು ತಮ್ಮ ಮನೆಯಲ್ಲೂ ಬೇಕೆಂಬ ಆಸೆ ಊರೂರಿಗೆ ಹಬ್ಬಿತು. ಅಮೆರಿಕದಲ್ಲಿ ಅಗ್ಗದ ಅಂಗಡಿಗಳನ್ನು ತೆರೆದ ವುಲ್‌ವರ್ತ್ ಎಂಬ ವ್ಯಾಪಾರಿ 1880ರಲ್ಲಿ ಇಂಥ ಗುಂಡುಗಳನ್ನು ಒಲ್ಲದ ಮನಸ್ಸಿನಿಂದ ಸ್ವಲ್ಪವೇ ತರಿಸಿದ. ಎರಡು ದಿನಗಳಲ್ಲಿ ಎಲ್ಲವೂ ಖಾಲಿ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗುಂಡು ಅಷ್ಟು ಅಗ್ಗವಾಗಿ ಸಿಕ್ಕಿದ್ದು ಯಾರ ದೆಸೆಯಿಂದ? ಲೌಷಾದ ಮನೆಗಳಲ್ಲಿ ಗಂಡಸರು ಉರಿಯ ಮುಂದೆ ಕೂತು ಗಾಜು ಊದಿದರೆ, ಹೆಂಗಸರೂ ಮಕ್ಕಳೂ ಅದರೊಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕಿ, ಹೊರಗೆ ಬಣ್ಣ ಬಳಿಯುತ್ತಿದ್ದರು. ಸಿದ್ಧವಾದ ಮಾಲನ್ನು ಹೆಂಗಸರು ದೊಡ್ಡ ಬುಟ್ಟಿಗಳಲ್ಲಿ ಬೆನ್ನ ಮೇಲೆ ಹೊತ್ತು ಸೋನೆಬರ್ಗ್ ಪೇಟೆಯ ಸಗಟು ವ್ಯಾಪಾರಿಗಳಿಗೆ ತಲುಪಿಸುತ್ತಿದ್ದರು. ಇಂದು ಪ್ರಪಂಚದ ಕ್ರಿಸ್ಮಸ್ ಅಲಂಕಾರದ ದೊಡ್ಡ ಪಾಲು ಚೀನಾದ ಯೀವು ನಗರದಿಂದ ಬರುತ್ತದೆ. ಊರು ಬದಲಾಗಿದೆ, ಗಾಜಿನ ಬದಲು ಪ್ಲಾಸ್ಟಿಕ್ ಬಂದಿದೆ. ಆದರೆ ವಸ್ತು ಬಹಳ ಅಗ್ಗವಾದಾಗ ಅದರ ಉಳಿದ ಬೆಲೆಯನ್ನು ಎಲ್ಲೋ ಯಾರೋ ತೆರುತ್ತಿರುತ್ತಾರೆ ಎಂಬ ಪಾಠ ಹಳತಾಗಿಲ್ಲ.

ನಮ್ಮ ನಾಡಿನ ಕ್ರೈಸ್ತರೂ ಕೈಗೆ ಸಿಕ್ಕಿದ್ದರಲ್ಲೇ ಹಬ್ಬವನ್ನು ಕಟ್ಟಿಕೊಂಡವರು. ಬಿದಿರಿನ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ, ಬಾಗಿಲಿಗೆ ಮಾವಿನ ತೋರಣ, ಗೋದಲಿಗೆ ಹುಲ್ಲಿನ ಚಾವಣಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ಒಂದು ಹಿಡಿ ರಾಗಿ ಚೆಲ್ಲಿದರೆ, ಕ್ರಿಸ್ಮಸ್ ರಾತ್ರಿಗೆ ಗೋದಲಿಯ ಮುಂದೆ ಎಳೆಹಸಿರಿನ ಹೊಲ ಎದ್ದಿರುತ್ತದೆ. ನಮ್ಮ ತಾಯಿಯವರು ಪ್ರತಿ ಬೆಳಿಗ್ಗೆ ಆ ಪೈರಿಗೆ ನೀರು ಚಿಮುಕಿಸಲು ನಮ್ಮನ್ನೇ ಕಳಿಸುತ್ತಿದ್ದರು. ಕಾಯುವುದೆಂದರೇನು ಎಂಬುದನ್ನು ನಾವು ಸೆಮಿನರಿಗಿಂತ ಮೊದಲು ಆ ರಾಗಿ ತಟ್ಟೆಯಿಂದ ಕಲಿತೆವು.

ಮುಂದಿನ ಭಾನುವಾರ ಆ ದಂಪತಿಗಳು ಬಂದಾಗ ಹೇಳಿದ್ದು ಇಷ್ಟು. "ಸಾಲ ಬೇಡ. ಮೊದಲು ಮೂರೇ ಬೊಂಬೆ ತನ್ನಿ: ಬಾಲಯೇಸು, ಮರಿಯಮ್ಮ, ಜೋಸೆಫರು. ಮಣ್ಣಿನವು ಸಿಕ್ಕರೆ, ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಹೆಚ್ಚು ಬೇಡ. ಗಟ್ಟಿಯಾದವು ಆಗಿರಲಿ; ನಾಳೆ ನಿಮ್ಮ ಮಕ್ಕಳು ಎತ್ತಿ ಆಡಬೇಕು. ಆಮೇಲೆ ಒಂದು ಎಲ್‌ಇಡಿ ಸೀರಿಯಲ್ ಸೆಟ್. ಅದಕ್ಕೆ ಕರೆಂಟೂ ಕಡಿಮೆ. ನಕ್ಷತ್ರವನ್ನು ಇಬ್ಬರೂ ಕೂತು ಮನೆಯಲ್ಲೇ ಮಾಡಿ. ರಾಗಿ ಇವತ್ತೇ ಚೆಲ್ಲಿ. ಮರ ಈ ವರ್ಷ ಬೇಡ. ಬೇಕೆನಿಸಿದರೆ ಹಬ್ಬ ಕಳೆದು ಅಂಗಡಿಯವರು ಬೆಲೆ ಇಳಿಸಿದಾಗ ನೋಡಿ. ಕುರುಬರು, ಜ್ಞಾನಿಗಳು ಒಬ್ಬೊಬ್ಬರಾಗಿ ಬರಲಿ, ಅವರೂ ದೂರದಿಂದ ನಡೆದು ಬರಬೇಕಲ್ಲ!" ಆಕೆ ನಕ್ಕಳು. ಆತ ಮಾತ್ರ, "ಸ್ಪರ್ಧೆ, ಫಾದರ್?" ಎಂದ.

ಅದಕ್ಕೆ ಉತ್ತರವನ್ನು ಪೂಜೆಯಲ್ಲಿಯೇ ಕೊಡಬೇಕಾಯಿತು. ಬಹುಮಾನಗಳನ್ನು ಕೈಬಿಟ್ಟಿದ್ದೇವೆ, ಗೋದಲಿ ಇಟ್ಟ ಪ್ರತಿ ಮನೆಗೂ ನಾವೇ ಬಂದು ಪ್ರಾರ್ಥಿಸಿ ಆಶೀರ್ವದಿಸುತ್ತೇವೆ ಎಂದು ಪ್ರಕಟಿಸಿದೆವು. ಹಿಂದಿನ ವರ್ಷ ನಾವು ಮಾಡಿದ್ದು ತಪ್ಪೆಂದೂ ಒಪ್ಪಿಕೊಂಡೆವು. ಎಲ್ಲರಿಗೂ ಇದು ಹಿಡಿಸಲಿಲ್ಲ. ಹಿರಿಯರೊಬ್ಬರು, "ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚಿದಿರಿ ಫಾದರ್" ಎಂದರು. ಕೊಂಡು ತಂದಿದ್ದ ಬಹುಮಾನದ ಕಪ್ಪುಗಳು ಇನ್ನೂ ಕಚೇರಿಯ ಕಪಾಟಿನಲ್ಲೇ ಇವೆ.

ಕ್ರಿಸ್ಮಸ್ ಮರುದಿನ ಆ ಮನೆಗೆ ಹೋದೆವು. ಕುರ್ಚಿ ಒಂದೇ ಇದ್ದುದರಿಂದ ಅದರಲ್ಲಿ ನಮ್ಮನ್ನು ಕೂರಿಸಿ ಅವರು ಚಾಪೆಯ ಮೇಲೆ ಕುಳಿತರು. ಹೊಸ ಒಲೆ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ಕೊಟ್ಟಿಗೆಯಾಗಿತ್ತು. ಆಕೆ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳಿಂದ ಮಗುವಿಗೊಂದು ಕೌದಿ ಹೊಲಿದಿದ್ದಳು. ನಕ್ಷತ್ರದ ಒಂದು ಮೂಲೆ ಸೊಟ್ಟ. ರಾಗಿ ತಡವಾಗಿ ಚೆಲ್ಲಿದ್ದರಿಂದ ಇನ್ನೂ ಬೆರಳುದ್ದವೂ ಬೆಳೆದಿರಲಿಲ್ಲ. "ಎಷ್ಟಾಯಿತು?" ಎಂದು ಕೇಳಿದೆವು. "1,100 ಫಾದರ್. ಉಳಿದ 400ರಲ್ಲಿ ಎಣ್ಣೆ, ಬೆಲ್ಲ ತಂದು ಕಜ್ಜಾಯ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ವಿ. ಹೊಸ ಬೀದಿ ಅಲ್ವಾ, ಯಾರೂ ಪರಿಚಯ ಇರಲಿಲ್ಲ" ಎಂದ ಆತ. ಈ ವರ್ಷ ಒಂದು ಕುರಿಯನ್ನೂ ಅದನ್ನು ಹೊತ್ತ ಕುರುಬನನ್ನೂ ತರುತ್ತಾರಂತೆ.

ಪ್ರಿಯರೇ, ಗ್ರೆಚ್ಚೊದ ಹುಲ್ಲು, ಮಾರ್ಸೇಯ ಮಣ್ಣು, ಲೌಷಾದ ಗಾಜು, ನಮ್ಮ ರಾಗಿಪೈರು: ಇವೆಲ್ಲ ಇಲ್ಲದವರು ಇದ್ದುದರಲ್ಲೇ ಕಂಡುಕೊಂಡ ದಾರಿಗಳು. ಈ ಹಬ್ಬದಲ್ಲಿ ಹೊಸದಾಗಿ ಮನೆ ಹೂಡಿದವರು ನಿಮ್ಮ ಬೀದಿಯಲ್ಲಿದ್ದರೆ ಅವರ ಗೋದಲಿಯನ್ನು ನಿಮ್ಮದರೊಡನೆ ಅಳೆಯಬೇಡಿ. ಅಟ್ಟದ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಬಿದ್ದಿರುವ ಒಂದು ಬೊಂಬೆಯನ್ನು ಒರೆಸಿ ಕೊಂಡೊಯ್ದು ಕೊಡಿ. ಸತ್ರದಲ್ಲಿ ಸ್ಥಳ ಸಿಗದೆ ಮೇವಿನ ತೊಟ್ಟಿಯಲ್ಲಿ ಮಲಗಿದ ಪ್ರಭು ನಿಮ್ಮ ಮನೆಗಳನ್ನು, ಚಿಕ್ಕವೋ ದೊಡ್ಡವೋ, ಸ್ವಂತದ್ದೋ ಬಾಡಿಗೆಯದೋ, ತಮ್ಮ ಸಮಾಧಾನದಿಂದ ತುಂಬಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.