ದೈವಕ್ಕೆ ಒಪ್ಪಿಸಿದ ಲೆಕ್ಕ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅದರ ಹಿಂದೆ ಒಂದು ತಗಡಿನ ಟ್ರಂಕು. ತೆಗೆದು ನೋಡಿದರೆ ಕೆಂಪು ಅರಿವೆಯ ರಟ್ಟಿನ ಉದ್ದುದ್ದ ವಹಿಗಳು! ನಮ್ಮ ಮುತ್ಯಾ (ನಮ್ಮ ಕಡೆ ಅಜ್ಜನಿಗೆ ಹೀಗೇ ಅನ್ನೋದು) ಊರ ಗುಡಿಯ ಪಂಚರಲ್ಲಿ ಒಬ್ಬನಾಗಿದ್ದ, ಲೆಕ್ಕ ಬರೆಯುತ್ತಿದ್ದ ಅಂತ ಗೊತ್ತಿತ್ತು. ಆ ಲೆಕ್ಕ ನಮ್ಮ ಅಟ್ಟದ ಮೇಲೇ ಕೂತಿದೆ ಅಂತ ಗೊತ್ತಿರಲಿಲ್ಲ.

ಇದನ್ನು ಬರೆಯೋಕೆ ಇನ್ನೊಂದು ಕಾರಣವೂ ಇದೆ. ಜಮಖಂಡಿ ಹತ್ತಿರದ ನಮ್ಮೂರಲ್ಲಿ ನಾವೊಂದಿಷ್ಟು ಜನ ಸೇರಿ ಸಣ್ಣದೊಂದು ವಾಚನಾಲಯ ನಡೆಸುತ್ತೇವೆ. ಬೇರೆ ಯಾರೂ ಒಪ್ಪದ್ದರಿಂದ ಖಜಾಂಚಿ ಪಟ್ಟ ನನ್ನ ತಲೆಗೆ ಬಂದಿದೆ. ಪ್ರತಿ ವರ್ಷ ಆಡಿಟರ್ ಮುಂದೆ ಕೂತಾಗ "ಇದರ ಪಾವತಿ ಎಲ್ಲೈತ್ರೀ?" ಅಂತ ಅವರು ಕೇಳುವುದು, ನಾನು ಕಿಸೆ ತಡಕಾಡುವುದು... ನಾಲ್ಕು ಪುಸ್ತಕ, ಎರಡು ಪೇಪರು ತರಿಸೋ ಸಂಘಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ, ಯಾರಿಗೆ ಅಂತ ಗೊಣಗುತ್ತಲೇ ಇದ್ದೆ. ಟ್ರಂಕು ಅದಕ್ಕೆ ಉತ್ತರ ಕೊಟ್ಟಿತು.

ಮೊದಲು ಒಂದು ಮಾತಿನ ಅರ್ಥ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದಲ್ಲಿ 'ದೈವ' ಅಂದರೆ ದೇವರು ಮಾತ್ರ ಅಲ್ಲ, ಕೂಡಿದ ಊರ ಜನವೂ ದೈವವೇ. "ದೈವ ಕೂಡೇತಿ" ಅಂದರೆ ಊರಿನ ಹಿರಿಯರು, ಸಮಸ್ತರು ಗುಡಿಯ ಕಟ್ಟೆಗೆ ಬಂದಿದ್ದಾರೆ ಅಂತ. ಜಾತ್ರೆಗೆ ಮನೆಮನೆಗೂ ಪಟ್ಟಿ ಹಾಕುತ್ತಿದ್ದರು, ಜಾತ್ರೆ ಮುಗಿದ ಮೇಲೆ ದೈವದ ಮುಂದೆ ಜಮಾ-ಖರ್ಚು ಗಟ್ಟಿಯಾಗಿ ಓದುತ್ತಿದ್ದರು. ಎಣ್ಣೆಗೆ ಇಷ್ಟು, ಕುಸ್ತಿಯ ಇನಾಮಿಗೆ ಇಷ್ಟು, ಶಿಲ್ಕು ಇಷ್ಟು. ಓದು ಬರಹ ಬಾರದವನೂ "ಹೌದೇನು, ಎಣ್ಣಿಗೆ ಅಷ್ಟಾತೇನು?" ಅಂತ ಕೇಳಬಹುದಿತ್ತು. ಅದೇ ಆ ಕಾಲದ ಆಡಿಟ್.

ಧರ್ಮದ ದುಡ್ಡಿಗೆ ದಾಖಲೆ ಇಡುವುದು ಇಲ್ಲಿ ಹೊಸದೇನಲ್ಲ. ರಬಕವಿಯ ಪಕ್ಕದ ತೇರದಾಳಕ್ಕೆ ಹೋದರೆ 12ನೇ ಶತಮಾನದ ಶಾಸನವಿದೆ. ಮಾಂಡಲಿಕ ಗೊಂಕ ಅಲ್ಲಿ ನೇಮಿನಾಥನ ಬಸದಿ ಕಟ್ಟಿಸಿ ದತ್ತಿ ಬಿಟ್ಟದ್ದನ್ನು ಕಲ್ಲಿನಲ್ಲೇ ಕೆತ್ತಿಸಿಟ್ಟಿದ್ದಾರೆ. ಊರ ನಡುವೆ ನಿಂತ ಕಲ್ಲು ಅಂದರೆ ಎಲ್ಲರ ಕಣ್ಣಿಗೂ ಬೀಳುವ ದಾಖಲೆ ತಾನೆ?

ಈಗ ನಮ್ಮ ಭಾಗದ ಒಂದು ವಿಚಿತ್ರ ನೋಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಒಂದೇ ದಿನದಲ್ಲಿ ಸುತ್ತಿ ಬರುವಷ್ಟು ಹತ್ತಿರ. ಆದರೆ 1948ರ ತನಕ ಇವು ನಾಲ್ಕು ದೊರೆತನದಲ್ಲಿದ್ದವು! ಜಮಖಂಡಿ ಅಲ್ಲಿನ ಪಟವರ್ಧನರದ್ದು, ಬನಹಟ್ಟಿಯೂ ಅವರ ಸಂಸ್ಥಾನದಲ್ಲೇ. ಮುಧೋಳ ಘೋರ್ಪಡೆಯವರದ್ದು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬೀಳಗಿ ಮಾತ್ರ ನೇರ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿ. ಹಾಗಾಗಿ ಬೀಳಗಿಯವನಿಗೆ ಬ್ರಿಟಿಷ್ ಕಾನೂನಿನ ಆಸರೆ ಇತ್ತು. 1920ರ ಧರ್ಮಾದಾಯ ಟ್ರಸ್ಟುಗಳ ಕಾಯ್ದೆಯಡಿ, ಟ್ರಸ್ಟಿಗೆ ಸಂಬಂಧಪಟ್ಟ ಯಾರಾದರೂ ಜಿಲ್ಲಾ ಕೋರ್ಟಿಗೆ ಹೋಗಿ "ಲೆಕ್ಕ ತೋರಿಸಲಿ, ತಪಾಸಣೆ ಆಗಲಿ" ಅಂತ ಕೇಳಬಹುದಿತ್ತು. 1923ರ ವಕ್ಫ್ ಕಾಯ್ದೆ ಮುತವಲ್ಲಿಗಳು ಕೋರ್ಟಿಗೆ ಲೆಕ್ಕ ಕೊಡಬೇಕು ಅಂದಿತು. ಸಂಸ್ಥಾನದ ಪ್ರಜೆಗೆ ಈ ದಾರಿ ಇರಲಿಲ್ಲ, ಅವನ ಅಹವಾಲು ಏನಿದ್ದರೂ ದರಬಾರಿಗೇ.

1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಅದಾದ ಎರಡೇ ವರ್ಷಕ್ಕೆ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ, 1950. ಗುಡಿ, ಮಠ, ಮಸೀದಿ, ಬಸದಿ, ಧರ್ಮಶಾಲೆ, ಯಾರದೇ ಇರಲಿ, ಸಾರ್ವಜನಿಕ ಟ್ರಸ್ಟ್ ಆಗಿದ್ದರೆ ಒಂದೇ ಕಾನೂನು. ಹೆಸರು, ಆಸ್ತಿ, ಪಂಚರು ಯಾರು ಯಾರು ಎಲ್ಲ ಚ್ಯಾರಿಟಿ ಕಮಿಷನರ್ ಕಚೇರಿಯ ರಿಜಿಸ್ಟರಿನಲ್ಲಿ ಬರೆಸಬೇಕು. ವರ್ಷಕ್ಕೊಮ್ಮೆ ಲೆಕ್ಕ ಮುಗಿಸಿ ಆಡಿಟ್ ಮಾಡಿಸಬೇಕು. ಉಳಿದ ಹಣ ಪಂಚರ ಕಿಸೆಯಲ್ಲಲ್ಲ, ಬ್ಯಾಂಕಿನಲ್ಲೋ ಪೋಸ್ಟಿನಲ್ಲೋ ಸರ್ಕಾರಿ ಸಾಲಪತ್ರದಲ್ಲೋ ಇರಬೇಕು. ಗುಡಿಯ ಹೊಲ ಮಾರಬೇಕಾದರೆ ಕಮಿಷನರ್ ಅಪ್ಪಣೆ ಬೇಕು. ಚಾರ್ಟರ್ಡ್ ಅಕೌಂಟೆಂಟ್ ಕಾಯ್ದೆ ಬಂದದ್ದೇ 1949ರಲ್ಲಿ, ಮರುವರ್ಷದ ಈ ಕಾಯ್ದೆಯಿಂದ ಅವರ ಕೈಗೆ ಹಳ್ಳಿಯ ಗುಡಿಯ ಕೀರ್ದಿ ಬರುವಂತಾಯಿತು!

ಮುತ್ಯಾನ ವಹಿಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಹಳೆಯವು ಮೋಡಿ ಅಕ್ಷರದಲ್ಲಿವೆ, ನಿವೃತ್ತ ಮಾಸ್ತರರೊಬ್ಬರ ಹತ್ತಿರ ಓದಿಸಿಕೊಂಡೆ. ದೀಪಾವಳಿ ಪಾಡ್ಯಕ್ಕೆ ಶುರುವಾಗಿ ಮುಂದಿನ ದೀಪಾವಳಿಗೆ ಮುಗಿಯುತ್ತವೆ. ಆಮೇಲಿನವು ಕನ್ನಡದಲ್ಲಿ, ಮಾರ್ಚ್ 31ಕ್ಕೆ ಮುಗಿಯುತ್ತವೆ. 1957ರ ಏಪ್ರಿಲ್‌ನಿಂದ ಆಣೆ-ಪೈ ಹೋಗಿ ನಯಾಪೈಸೆ ಬಂದಿದೆ, ಮುತ್ಯಾ ಕೆಲವು ತಿಂಗಳು ಎರಡನ್ನೂ ಅಕ್ಕಪಕ್ಕ ಬರೆದಿದ್ದಾನೆ. ಪಾಪ, ರೂಢಿ ತಪ್ಪಬೇಕಲ್ಲ.

ವಹಿಗಳ ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆಗಳು ಸಿಕ್ಕವು. ಆಡಿಟರ್ ವರದಿ. ಆ ಕಾಯ್ದೆಯ ಪ್ರಕಾರ ಆಡಿಟರ್ ಬರೇ ಕೂಡಿಸಿ ಕಳೆದರೆ ಸಾಲದು. ಅಕ್ರಮ ಅಥವಾ ಅನುಚಿತ ಖರ್ಚು ಇದೆಯೇ, ಬರಬೇಕಾದ ಹಣ ವಸೂಲು ಮಾಡದೆ ಬಿಟ್ಟಿದ್ದಾರೆಯೇ, ಟ್ರಸ್ಟಿಗೆ ನಷ್ಟ ಆಗಿದೆಯೇ ಅಂತ ಬಿಡಿಸಿ ಬರೆದು ಒಂದು ಪ್ರತಿ ಸರ್ಕಾರದ ಕಚೇರಿಗೆ ಕಳಿಸಬೇಕು. ಓದುತ್ತಾ ಹೋದಂತೆ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಜಾತ್ರೆಯ ಸಾಮಾನು ತರಲು ಪಂಚರೊಬ್ಬರು ಪಡೆದ ಮುಂಗಡಕ್ಕೆ ಪಾವತಿ ಇಲ್ಲ, ಹಣ ಮರಳಿ ಬಂದಿಲ್ಲ. ಮುಂದೆ ಹೆಸರು. ನಮ್ಮ ಮುತ್ಯಾನದ್ದೇ.

ನಿಜ ಹೇಳಲಾ, ಮೊದಲಿಗೆ ಆ ಹಾಳೆಯನ್ನು ಮಡಚಿ ಒಳಗಿಟ್ಟುಬಿಡೋಣ ಅನ್ನಿಸಿತು. ಊರಲ್ಲಿ ಮುತ್ಯಾನ ಹೆಸರು ಅಂದರೆ ಈಗಲೂ ಜನ ಎರಡು ಒಳ್ಳೆ ಮಾತಾಡುತ್ತಾರೆ. ಆದರೆ ಮರುವರ್ಷದ ವಹಿ ತೆಗೆದು ನೋಡಿದೆ. ಜಮಾ ಬದಿಯಲ್ಲಿ, ಅವನದೇ ಅಕ್ಷರದಲ್ಲಿ, ಅದೇ ಮೊತ್ತ ಪೈಸೆ ಬಿಡದೆ ಜಮಾ ಆಗಿದೆ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಸಣ್ಣವ ಇದ್ದಾಗ ಹಾಲ ಕೊಡೋ ಎಮ್ಮೀನ ಒಮ್ಮಿಗಿಲೆ ಮಾರಿಬಿಟ್ಟಾ. ಅವ್ವ ಎಷ್ಟ ಅತ್ತರೂ ಯಾಕಂತ ಹೇಳಲಿಲ್ಲ" ಅಂದರು. ಸಾಮಾನಿನ ಪಾವತಿ ಕಳೆದುಕೊಂಡನೋ, ದುಡ್ಡು ಮನೆಗೆ ಬಳಸಿದನೋ, ಎಮ್ಮೆ ಅದಕ್ಕೇ ಹೋಯಿತೋ, ಹೇಳಲು ಈಗ ಯಾರೂ ಇಲ್ಲ. ಲೆಕ್ಕ ಮಾತ್ರ ಇದೆ.

ಇಲ್ಲಿ ನನಗೊಂದು ವಿಷಯ ಹೊಳೆಯಿತು. ಈ ಮುಂಗಡದ ಬಗ್ಗೆ ದೈವ ಕೇಳುತ್ತಿರಲಿಲ್ಲ! ಕಟ್ಟೆಯ ಮೇಲೆ ಕೂತವರೆಲ್ಲ ಬೀಗರು, ನೆಂಟರು, ಅವನ ಹತ್ತಿರ ಕೈಗಡ ಇಸಕೊಂಡವರು. ಹಿರಿಯನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಊರಿನ ಹಂಗಿಲ್ಲದ ಒಬ್ಬ ಪರಊರಿನವನು ಕೇಳಿದ. 1950ರ ಕಾನೂನು ಮಾಡಿದ್ದು ಇದನ್ನೇ, ಮುಲಾಜಿಲ್ಲದೆ ಕೇಳುವ ಒಬ್ಬನನ್ನು ಕಳಿಸಿತು.

ಹಾಗಂತ ಎಲ್ಲರೂ ಖುಷಿಯಿಂದ ಒಪ್ಪಲಿಲ್ಲ. ಈ ಕಾಯ್ದೆಯ ಖರ್ಚಿಗೆ ಪ್ರತಿ ಟ್ರಸ್ಟೂ ತನ್ನ ವಾರ್ಷಿಕ ಆದಾಯದಲ್ಲಿ ನೂರಕ್ಕೆ ಎರಡು ರೂಪಾಯಿ ಕಟ್ಟಬೇಕಿತ್ತು. ಗುಜರಾತಿನ ಕಡೆಯ ಜೈನ ಮಂದಿರದವರು, ಮುಂಬಯಿಯ ಪಾರ್ಸಿ ಪಂಚಾಯತಿಯವರು ಸುಪ್ರೀಂ ಕೋರ್ಟಿಗೆ ಹೋದರು. 1954ರ ರತಿಲಾಲ್ ಗಾಂಧಿ ಪ್ರಕರಣ ಅದೇ. ಧಾರ್ಮಿಕ ವಿಷಯದಲ್ಲಿ ಕೈಹಾಕುವ ಕೆಲವು ಕಲಮುಗಳನ್ನು ಕೋರ್ಟು ತೆಗೆದುಹಾಕಿತು, ಆದರೆ ಈ ವಂತಿಗೆ ತೆರಿಗೆಯಲ್ಲ, ಶುಲ್ಕ ಅಂತ ಎತ್ತಿಹಿಡಿಯಿತು. ಯಾಕೆಂದರೆ ಆ ಹಣ ಬೇರೆ ನಿಧಿಯಲ್ಲಿದ್ದು ಅದೇ ಕೆಲಸಕ್ಕೆ ಬಳಕೆಯಾಗುತ್ತಿತ್ತು. ಅದೇ ವರ್ಷ ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣವೂ ತೀರ್ಮಾನ ಆಯಿತು. ಅಲ್ಲಿದ್ದದ್ದು ಮದ್ರಾಸಿನ ಕಾನೂನು, ವಂತಿಗೆಯ ಹಣ ಸರ್ಕಾರದ ಬೊಕ್ಕಸಕ್ಕೆ ಬೆರೆತು ಹೋಗುತ್ತಿತ್ತು. ಅದು ತೆರಿಗೆಯೇ, ಸಲ್ಲದು ಅಂತ ತೀರ್ಪು. ಅಂದರೆ ಲೆಕ್ಕ ಕೇಳುವ ಸರ್ಕಾರವೂ ತಾನು ತೆಗೆದುಕೊಂಡದ್ದಕ್ಕೆ ಲೆಕ್ಕ ಕೊಡಬೇಕು ಅಂತಾಯಿತಲ್ಲ :)

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಉಡುಪಿಯವರೂ ಬಂದರು. ಕಾನೂನುಗಳು ಮಾತ್ರ ತಮ್ಮ ತಮ್ಮ ಹಳೆಯ ಮನೆಯದ್ದೇ ಉಳಿದವು. ಮೈಸೂರಿನವರಿಗೆ ಒಂದು, ಮದ್ರಾಸಿನಿಂದ ಬಂದವರಿಗೆ ಒಂದು, ನಮಗೆ ಮುಂಬಯಿಯದು, ಹೈದರಾಬಾದು, ಕೊಡಗು ಮತ್ತೆ ಬೇರೆ. ಹಿಂದೂ ದೇವಸ್ಥಾನಗಳ ಮಟ್ಟಿಗೆ ಇವೆಲ್ಲದರ ಜಾಗಕ್ಕೆ ಒಂದೇ ಕಾಯ್ದೆ ಆದದ್ದು 1997ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಅದರ ಮೇಲೂ ಕೋರ್ಟು ಕಚೇರಿ ನಡೆದದ್ದು ಬೇರೆ ಕಥೆ.

ನಮ್ಮ ವಾಚನಾಲಯದಂಥ ಸಂಘಗಳದ್ದು ಇನ್ನೊಂದು ದಾರಿ. 1960ರ ಸಂಘಗಳ ನೋಂದಣಿ ಕಾಯ್ದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಆಮೇಲೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು. ಆದಾಯ ತೆರಿಗೆ ವಿನಾಯಿತಿ ಬೇಕಾದರೆ ಆ ಇಲಾಖೆಯ ನೋಂದಣಿ ಬೇರೆ. 2021ರಿಂದ ಅದೂ ಒಮ್ಮೆ ಸಿಕ್ಕರೆ ಶಾಶ್ವತ ಅನ್ನುವ ಕಾಲ ಹೋಗಿ ಅವಧಿಗೊಮ್ಮೆ ನವೀಕರಿಸುವ ನಿಯಮ ಬಂತು. 2022ರಲ್ಲಿ ಯಾವ ಯಾವ ಪುಸ್ತಕ ಇಡಬೇಕು ಅಂತ ಪಟ್ಟಿ ಮಾಡಿ, ಹತ್ತು ವರ್ಷ ಕಾಯ್ದಿಡಿ ಅಂದರು. ಮುತ್ಯಾ ಯಾರೂ ಹೇಳದೆಯೇ ಅದಕ್ಕಿಂತ ಎಷ್ಟೋ ಹೆಚ್ಚು ಕಾಯ್ದಿದ್ದ!

ಆದರೆ ಒಂದು ಕಳೆದುಹೋಗಿದೆ. ನಮ್ಮ ಲೆಕ್ಕ ಈಗ ಆಡಿಟರ್ ಹತ್ತಿರ ಹೋಗುತ್ತದೆ, ಕಚೇರಿಗೆ ಹೋಗುತ್ತದೆ, ಕಂಪ್ಯೂಟರಿಗೂ ಏರುತ್ತದೆ. ಐವತ್ತು ರೂಪಾಯಿ ಪಟ್ಟಿ ಕೊಟ್ಟ ಬನಹಟ್ಟಿಯ ನೇಕಾರನ ಕಿವಿಗೆ ಮಾತ್ರ ಬೀಳುವುದಿಲ್ಲ. ಸರ್ವಸಾಧಾರಣ ಸಭೆಯಲ್ಲಿ "ಲೆಕ್ಕ ಓದಿದೆ ಅಂತ ತಿಳಕೊಳ್ರಿ" ಅಂದು ನಾನೇ ಎಷ್ಟೋ ಸಲ ಚಹಾಕ್ಕೆ ಎಬ್ಬಿಸಿದ್ದೇನೆ. ದೈವಕ್ಕೆ ಮುಲಾಜಿತ್ತು, ಅದಕ್ಕೆ ಆಡಿಟರ್ ಬೇಕಾದ. ಆಡಿಟರಿಗೆ ಕಾಗದ ಕಾಣುತ್ತದೆ, ತಂದ ಕಪಾಟು ಕಟ್ಟಿಗೆಯದೋ ಹೊಟ್ಟಿನದೋ ಅನ್ನುವುದು ಕಾಣುವುದಿಲ್ಲ. ಅದು ದೈವಕ್ಕೇ ಕಾಣಬೇಕು. ಎರಡೂ ಬೇಕು ಅನ್ನುವುದು ಟ್ರಂಕಿನಿಂದ ನಾನು ಕಲಿತ ಪಾಠ.

ಈ ವರ್ಷದ ಸಭೆಯಲ್ಲಿ ಜಮಾ-ಖರ್ಚನ್ನು ಒಂದೊಂದೇ ಬಾಬ್ತು ಗಟ್ಟಿಯಾಗಿ ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಕಾಕಾ, ಹೋದ ವರ್ಷ ಮುಂಗಡಾ ಇಸಕೊಂಡಿದ್ರಲ್ಲಾ, ಅದು ಎಲ್ಲಿ ಬಂತ್ರಿ?" ಅಂದ. ಸಭೆಯಲ್ಲಿ ನಗು. ಕಿಸೆಗೆ ಕೈ ಹಾಕಿದೆ, ಪುಣ್ಯಕ್ಕೆ ಪಾವತಿ ಇತ್ತು. ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದೆ.

ಮುತ್ಯಾನ ಆ ಹಾಳೆಯನ್ನೂ ಮುಚ್ಚಿಡಲಿಲ್ಲ. ವಹಿಗಳ ಜೊತೆ ವಾಚನಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ, ಮರುವರ್ಷದ ಜಮಾ ಇರುವ ವಹಿಯನ್ನು ಅದರ ಪಕ್ಕಕ್ಕೇ. ನಿಮ್ಮೂರಿನ ಗುಡಿಯದ್ದೋ ಸಂಘದ್ದೋ ಹಳೆಯ ವಹಿ ಅಟ್ಟದ ಮೇಲಿದ್ದರೆ ಒಮ್ಮೆ ಧೂಳು ಕೊಡವಿ ನೋಡಿ. ರದ್ದಿಗೆ ಮಾತ್ರ ಹಾಕಬೇಡಿ.