ಒಂದು ಮಗು, 25 ದಿನ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಇನ್ನೊಬ್ಬರಿಗೆ ನೆರವಾಗುವ ವೃತ್ತಿಯಲ್ಲಿರುವವರನ್ನು ಈ ಗಾದೆ ಬಿಡದೆ ಕಾಡುತ್ತದೆ. ಆಪ್ತಸಮಾಲೋಚನೆಗೆ ಬಂದ ಹುಡುಗನೊಬ್ಬ ಎರಡು ತಿಂಗಳಲ್ಲಿ ಚೇತರಿಸಿಕೊಂಡ ಎನ್ನೋಣ. ಅದು ಸಮಾಲೋಚನೆಯ ಫಲವೋ, ಪರೀಕ್ಷೆ ಮುಗಿದ ನಿರಾಳವೋ? ನೂರಾರು ಜನರನ್ನು ಎರಡು ಗುಂಪು ಮಾಡಿ ಹೋಲಿಸಿದರೆ ಸರಾಸರಿಯ ಉತ್ತರ ಸಿಕ್ಕೀತು. ಆದರೆ ಎದುರಿಗೆ ಕೂತವನು ಸರಾಸರಿಯಲ್ಲ, ಒಬ್ಬ ಹುಡುಗ.

ಒಬ್ಬರನ್ನೇ ಅಳೆದು ಕಲಿಯುವ ದಾರಿ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ನೆನಪು ಮತ್ತು ಮರೆವಿನ ಕುರಿತು 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಆದರೆ ಆ ದಾರಿ ನೆರವಿನ ಕೆಲಸಕ್ಕೆ ಹೇಗೆ ಒದಗಿತು ಎಂಬುದನ್ನು ತಿಳಿಯಲು ಅಮೆರಿಕದ ಸಿಯಾಟಲ್‌ಗೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಶುವಿಹಾರಕ್ಕೆ ಹೋಗಬೇಕು.

ಅಲ್ಲಿ ನಾಲ್ಕು ವರ್ಷ ದಾಟಿದ ಹುಡುಗಿಯೊಬ್ಬಳಿದ್ದಳು. ಚುರುಕಾದ ಮಗು. ಆದರೆ ಓರಗೆಯ ಮಕ್ಕಳೊಂದಿಗೆ ಬೆರೆಯುತ್ತಿರಲಿಲ್ಲ. ಸಣ್ಣ ಗಾಯ ತೋರಿಸಿಕೊಂಡು, ಮೆಲ್ಲಗೆ ಮಾತಾಡುತ್ತ ಶಿಕ್ಷಕಿಯರನ್ನು ತನ್ನತ್ತ ಸೆಳೆಯುತ್ತಿದ್ದಳು. ಶಿಕ್ಷಕಿಯರೂ ಪ್ರೀತಿಯಿಂದ ಬಳಿ ಬರುತ್ತಿದ್ದರು. ಐಲೀನ್ ಆಲೆನ್ ಮತ್ತು ನಾಲ್ವರು ಸಹೋದ್ಯೋಗಿಗಳು 1964ರಲ್ಲಿ ಅವಳ ಕುರಿತ ವರದಿ ಪ್ರಕಟಿಸಿದರು.

ಅವರು ಮೊದಲು ಮಾಡಿದ್ದು ಏನನ್ನೂ ಬದಲಿಸದೆ ಎಣಿಸಿದ್ದು. ‘ಒಂಟಿತನ’ವನ್ನು ಎಣಿಸಲಾಗದು, ಯಾರ ಹತ್ತಿರ ಇದ್ದಾಳೆ, ಯಾರೊಡನೆ ಒಡನಾಡುತ್ತಿದ್ದಾಳೆ ಎಂಬುದನ್ನು ಎಣಿಸಬಹುದು. ವೀಕ್ಷಕರು 10 ಸೆಕೆಂಡಿಗೊಮ್ಮೆ ಗುರುತು ಹಾಕಿಕೊಂಡರು. ಒಬ್ಬರ ಕಣ್ಣು ಮೋಸಹೋಗಬಾರದೆಂದು ಇಬ್ಬರ ದಾಖಲೆಗಳನ್ನು ತಾಳೆ ಹಾಕಿದರು. ಐದು ದಿನಗಳ ಈ ಮೊದಲ ಲೆಕ್ಕಕ್ಕೆ ಬೇಸ್‌ಲೈನ್ ಎಂದು ಹೆಸರು. ಅವಳು ಹೆಚ್ಚುಕಡಿಮೆ ಶೇ. 40ರಷ್ಟು ಸಮಯ ದೊಡ್ಡವರೊಂದಿಗೆ, ಶೇ. 10ರಷ್ಟು ಮಾತ್ರ ಮಕ್ಕಳೊಂದಿಗೆ ಕಳೆಯುತ್ತಿದ್ದಳು.

ಆರನೆಯ ದಿನ ಶಿಕ್ಷಕಿಯರು ಕ್ರಮ ಬದಲಿಸಿದರು. ಅವಳು ಮಕ್ಕಳೊಂದಿಗೆ ಇದ್ದಾಗ ಗಮನ ಕೊಟ್ಟರು. ಒಂಟಿಯಾಗಿ ತಮ್ಮ ಬಳಿ ಬಂದರೆ ಆದಷ್ಟು ಕಡಿಮೆ ಗಮನ. ಆ ದಿನವೇ ಮಕ್ಕಳೊಂದಿಗಿನ ಒಡನಾಟ ಶೇ. 60ರ ಸಮೀಪಕ್ಕೆ ಏರಿತು. ಪ್ರೀತಿಯ ಆರೈಕೆಯೇ ಆ ಮಗುವನ್ನು ಒಂಟಿಯಾಗಿ ಉಳಿಸುತ್ತಿತ್ತೇ? ಹಾಗೆ ತೋರಿತು. ಆದರೆ ಕಾಗೆಯ ಅನುಮಾನ ಇನ್ನೂ ಉಳಿದಿತ್ತು.

ಹಾಗಾಗಿ 12ನೆಯ ದಿನದಿಂದ ಅವರು ಹಳೆಯ ಪದ್ಧತಿಗೆ ಮರಳಿದರು. ಹುಡುಗಿಯೂ ಹಳೆಯ ಒಂಟಿತನಕ್ಕೆ ಮರಳಿದಳು. 17ನೆಯ ದಿನದಿಂದ ಮತ್ತೆ ಹೊಸ ಕ್ರಮ; ಅವಳು ಮತ್ತೆ ಮಕ್ಕಳ ಗುಂಪಿಗೆ ಬಂದಳು. 25ನೆಯ ದಿನದವರೆಗೂ ಲೆಕ್ಕ ನಡೆಯಿತು. ಹೋಲಿಕೆಗೆ ಇನ್ನೊಂದು ಮಗು ಬೇಕಾಗಲಿಲ್ಲ. ಅವಳಿಗೆ ಅವಳೇ ಹೋಲಿಕೆ. ಗಮನವನ್ನು ಮೆಲ್ಲನೆ ಸಡಿಲಿಸಿದ ಮೇಲೂ, 51ನೆಯ ದಿನ ನೋಡಿದಾಗ ಅವಳು ಮಕ್ಕಳೊಂದಿಗೇ ಆಡುತ್ತಿದ್ದಳು.

ಇಲ್ಲೊಂದು ನೋವಿನ ಪ್ರಶ್ನೆ ಇದೆ. ಆಟಕ್ಕೆ ಸೇರಿದ ಮಗುವನ್ನು, ನಮ್ಮ ಅನುಮಾನ ತೀರಲೆಂದು, ಐದು ದಿನ ಮತ್ತೆ ಒಂಟಿತನಕ್ಕೆ ತಳ್ಳಬಹುದೇ? ಅದೇ ತನ್ನನ್ನು ಹೊಡೆದುಕೊಳ್ಳುವ ಮಗುವಾಗಿದ್ದರೆ? ಇನ್ನು ಓದು ಕಲಿತವರಿಂದ ಕಲಿಕೆಯನ್ನು ಹಿಂದಕ್ಕೆ ಪಡೆಯಲು ಆಗುವುದೇ ಇಲ್ಲ.

ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ 1968ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇದಕ್ಕೊಂದು ದಾರಿ ವಿವರಿಸಿದರು. ಮೂರು ನಡವಳಿಕೆಗಳನ್ನು ಒಟ್ಟಿಗೆ ಎಣಿಸುತ್ತ ಬನ್ನಿ. ನೆರವನ್ನು ಮಾತ್ರ ಒಂದೊಂದಕ್ಕೆ ಬೇರೆಬೇರೆ ಸಮಯದಲ್ಲಿ ಆರಂಭಿಸಿ. ನೆರವು ತಲುಪಿದಾಗ ಮಾತ್ರ ಆಯಾ ನಡವಳಿಕೆ ಬದಲಾದರೆ, ಏನನ್ನೂ ಕಿತ್ತುಕೊಳ್ಳದೆ ಉತ್ತರ ಸಿಗುತ್ತದೆ. ಕಾಗೆ ಕೂತ ಕೂತ ದಿನವೇ ಮೂರು ಕೊಂಬೆಗಳು ಒಂದೊಂದಾಗಿ ಮುರಿದರೆ ಕಾಗೆಯನ್ನು ದೂರಬಹುದು.

ಒಂದು ಮಗುವಿನ ಫಲ ಎಲ್ಲ ಮಕ್ಕಳದ್ದಲ್ಲ. ಬೇರೆ ಮಕ್ಕಳಲ್ಲಿ, ಬೇರೆ ಕಡೆಗಳಲ್ಲಿ ಮತ್ತೆ ನೋಡಬೇಕು. ಆದರೂ ಇಂದು ಸಮಾಜಕಾರ್ಯ, ವಿಶೇಷ ಶಿಕ್ಷಣ ಕಲಿಯುವ ವಿದ್ಯಾರ್ಥಿಗಳು ಈ ಪಾಠವನ್ನು ಓದುತ್ತಾರೆ. ಅದಕ್ಕೆ ಬೇಕಾದ ಸಲಕರಣೆ ಪೆನ್ಸಿಲು, ಗಡಿಯಾರ, ಚೌಕುಳಿ ಹಾಳೆ. ಜೊತೆಗೆ, ನೆರವಿಗೆ ಧಾವಿಸುವ ಮುನ್ನ ಐದು ದಿನ ಸುಮ್ಮನೆ ನೋಡಿ ಎಣಿಸುವ ತಾಳ್ಮೆ. ಆ ಶಿಶುವಿಹಾರದ ಶಿಕ್ಷಕಿಯರಲ್ಲಿ ಪ್ರೀತಿಗೇನೂ ಕೊರತೆ ಇರಲಿಲ್ಲ. ಅದು ಮಗುವಿಗೆ ಏನು ಮಾಡುತ್ತಿದೆ ಎಂದು ಅವರಿಗೆ ತಿಳಿದದ್ದು ಎಣಿಸಿದ ಮೇಲೆ.