ತಲೆಯ ಮೇಲೊಂದು ಕಬ್ಬಿಣದ ಕಮಾನು

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಸುತ್ತಮುತ್ತ ಬೆಳಗಿನ ಹೊತ್ತು ರಸ್ತೆ ಬದಿಯಲ್ಲಿ ನಿಂತರೆ ಸಾಕು, ತಲೆಯ ಮೇಲೆ ಏನೂ ಇಲ್ಲದ ವಾಹನಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಟ್ರ್ಯಾಕ್ಟರು, ಗೊಬ್ಬರ ತುಂಬಿದ ಟ್ರೇಲರು, ಹೊಲ ಉಳಲು ಹೊರಟ ಇನ್ನೊಂದು ಟ್ರ್ಯಾಕ್ಟರು. ಅಲ್ಲಿಂದ ಚಿಕ್ಕಬಳ್ಳಾಪುರ ದಾಟಿ ನಂದಿಬೆಟ್ಟದ ದಾರಿ ಹಿಡಿದರೆ ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬಂದ ಟಾಪಿಲ್ಲದ ಜೀಪುಗಳು ಎದುರಾಗುತ್ತವೆ. ಈ ಜೀಪುಗಳಲ್ಲಿ ಹಲವಕ್ಕೆ ಆಸನದ ಹಿಂದೆ ಕಮಾನಿನಂತೆ ಬಾಗಿದ ದಪ್ಪ ಕೊಳವೆಯೊಂದು ಇರುತ್ತದೆ. ಟ್ರ್ಯಾಕ್ಟರುಗಳಲ್ಲಿ ಬಹುತೇಕಕ್ಕೆ ಅದು ಇರುವುದಿಲ್ಲ.

ನೋಡುವವರಿಗೆ ಆ ಕಮಾನು ಶೋಕಿಯ ವಸ್ತು. ಅದಕ್ಕೆ ದೀಪಗಳನ್ನು ಕಟ್ಟುವವರುಂಟು, ಹಿಡಿದು ನಿಲ್ಲುವವರುಂಟು. ಆದರೆ ಅದರ ಹುಟ್ಟಿನ ಉದ್ದೇಶ ಒಂದೇ. ವಾಹನ ಪಲ್ಟಿ ಹೊಡೆದು ತಲೆಕೆಳಗಾದಾಗ ನೆಲಕ್ಕೂ ಚಾಲಕನ ತಲೆಗೂ ನಡುವೆ ಒಂದಿಷ್ಟು ಜಾಗ ಉಳಿಸುವುದು. ಇಂಗ್ಲಿಷಿನಲ್ಲಿ ಇದನ್ನು ರೋಲ್ ಬಾರ್ ಎನ್ನುತ್ತಾರೆ. ಕುತೂಹಲದ ಸಂಗತಿಯೆಂದರೆ, ಫಾರ್ಮುಲಾ ಒನ್ ರೇಸ್ ಕಾರಿಗೆ ಈ ಕಮಾನು ಕಡ್ಡಾಯವಾಗುವ ಮೊದಲೇ ಒಂದು ದೇಶ ಅದನ್ನು ರೈತನ ಟ್ರ್ಯಾಕ್ಟರಿಗೆ ಕಡ್ಡಾಯ ಮಾಡಿತ್ತು.

ವಾಹನ ಏಕೆ ಮಗುಚುತ್ತದೆ?

ಇದಕ್ಕೆ ಉತ್ತರ ಎತ್ತಿನ ಗಾಡಿ ಹೊಡೆದವರಿಗೆಲ್ಲ ಗೊತ್ತು. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿ ಓರೆಯಲ್ಲಿ ವಾಲುತ್ತದೆ. ಅದೇ ಗಾಡಿಯಲ್ಲಿ ಕಲ್ಲು ತುಂಬಿದ್ದರೆ ಅಷ್ಟು ಸುಲಭವಾಗಿ ವಾಲುವುದಿಲ್ಲ. ಭಾರ ಎಷ್ಟು ಎತ್ತರದಲ್ಲಿದೆ, ಚಕ್ರಗಳು ಎಷ್ಟು ಅಗಲಕ್ಕೆ ನಿಂತಿವೆ ಎಂಬ ಎರಡು ಸಂಗತಿಗಳ ಮೇಲೆ ಎಲ್ಲವೂ ನಿಂತಿದೆ. ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಳತೆಗೋಲಾಗಿ ಬಳಸುತ್ತದೆ. ಸಾಮಾನ್ಯ ಕಾರುಗಳಲ್ಲಿ ಅದು 1.3ರಿಂದ 1.5ರಷ್ಟಿದ್ದರೆ ಎತ್ತರದ ಜೀಪು ಮಾದರಿಯ ವಾಹನಗಳಲ್ಲಿ 1.0ರಿಂದ 1.3ರ ಆಸುಪಾಸು. ಸಂಖ್ಯೆ ಚಿಕ್ಕದಾದಷ್ಟೂ ಮಗುಚುವುದು ಸುಲಭ.

ಹಾಗಿದ್ದರೆ ನೆಲಕ್ಕೆ ಅಂಟಿದಂತಿರುವ ಹಗುರ ಸ್ಪೋರ್ಟ್ಸ್ ಕಾರು ಮಗುಚಲೇಬಾರದಲ್ಲ? ಸಮತಟ್ಟು ರಸ್ತೆಯಲ್ಲಿ ಅದು ಜಾರುತ್ತದೆಯೇ ಹೊರತು ಮಗುಚುವುದು ಅಪರೂಪ. ಆದರೆ ಜಾರುತ್ತಿರುವಾಗ ಚಕ್ರ ಚರಂಡಿಗೋ ಮೆತ್ತನೆಯ ಮಣ್ಣಿಗೋ ಕಲ್ಲಿನ ಅಂಚಿಗೋ ಸಿಕ್ಕಿತೆಂದರೆ, ಓಡುವವನ ಕಾಲಿಗೆ ಹಗ್ಗ ಸಿಕ್ಕಂತೆ ವಾಹನ ಎಡವಿ ಉರುಳುತ್ತದೆ. ಪಲ್ಟಿ ಅಪಘಾತಗಳಲ್ಲಿ ಬಹುಪಾಲು ಹೀಗೆ ಎಡವಿ ಆಗುವಂಥವು. ಮುಚ್ಚಿದ ಕಾರಿಗೆ ಆಗ ಛಾವಣಿಯ ಆಸರೆ ಇರುತ್ತದೆ. ತೆರೆದ ಕಾರಿನಲ್ಲಿ ಅತಿ ಎತ್ತರದ ಭಾಗ ಚಾಲಕನ ತಲೆಯೇ.

ತೆರಿಗೆ ತಪ್ಪಿಸಲು ಹುಟ್ಟಿದ ಕಾರು

ಹಗುರ ತೆರೆದ ಕಾರುಗಳ ಕತೆ ಬ್ರಿಟನ್ನಿನ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರನ ಹೆಸರಿನೊಂದಿಗೆ ಹೆಣೆದುಕೊಂಡಿದೆ. ಅವರ ಲೋಟಸ್ ಕಂಪೆನಿ 1957ರಲ್ಲಿ ‘ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ತೆಳು ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಂ ಹೊದಿಕೆ, ಎರಡು ಆಸನ. ಗಟ್ಟಿ ಛಾವಣಿ ಇಲ್ಲ. ತೂಕ ಸುಮಾರು ಅರ್ಧ ಟನ್. ಪೂರ್ತಿ ಜೋಡಿಸಿದ ಕಾರಿಗೆ ಆಗ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಬೀಳುತ್ತಿತ್ತು. ಬಿಡಿಭಾಗಗಳ ಕಟ್ಟಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅದು ಬೀಳುತ್ತಿರಲಿಲ್ಲ. ಹಾಗಾಗಿ ಸೆವೆನ್ ಬಹುಮಟ್ಟಿಗೆ ‘ಕಿಟ್’ ರೂಪದಲ್ಲಿಯೇ ಮಾರಾಟವಾಯಿತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪೆನಿಗೆ ಹೋಯಿತು. ಅದೇ ನಮೂನೆಯ ಕಾರುಗಳನ್ನು ಹಲವು ದೇಶಗಳ ಹವ್ಯಾಸಿಗಳು ಮನೆಯ ಶೆಡ್ಡುಗಳಲ್ಲಿ ಕಟ್ಟಿದರು. ಭಾರತದಲ್ಲೂ 2000ದ ದಶಕದಲ್ಲಿ ಚಿಂಕಾರಾ ಮೋಟಾರ್ಸ್ ಸೆವೆನ್ನನ್ನು ಹೋಲುವ ರೋಡ್‌ಸ್ಟರ್ ಒಂದನ್ನು ತಯಾರಿಸಿತು.

ಅಂದಿನ ಚಾಲಕರ ನಂಬಿಕೆ ವಿಚಿತ್ರವಾಗಿತ್ತು. ಕಾರು ಮಗುಚಿದರೆ ಹೊರಗೆ ಎಸೆಯಲ್ಪಡುವುದೇ ಲೇಸು, ಬೆಲ್ಟು ಕಟ್ಟಿಕೊಂಡರೆ ಅದರಡಿ ಅಪ್ಪಚ್ಚಿಯಾಗುತ್ತೇವೆ ಎಂದು ರೇಸಿನವರು ಹೇಳುತ್ತಿದ್ದರು. ತಲೆಯ ಮೇಲೆ ಆಸರೆಯಿಲ್ಲದ ಕಾರಿನಲ್ಲಿ ಆ ಮಾತು ಪೂರ್ತಿ ತಪ್ಪೂ ಆಗಿರಲಿಲ್ಲ. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಚಾಲಕನ ಹಿಂದೆ ಕಮಾನು ಇರಲೇಬೇಕೆಂಬ ನಿಯಮ ಬಂದದ್ದು 1961ರಲ್ಲಿ. ಹಲವು ಕಡೆ ಬಿಗಿಯುವ ಬೆಲ್ಟು ಕಡ್ಡಾಯವಾಗಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಮಾನು ಮತ್ತು ಬೆಲ್ಟು ಜೋಡೆತ್ತುಗಳಿದ್ದಂತೆ. ಒಂದನ್ನು ಬಿಟ್ಟು ಇನ್ನೊಂದು ಎಳೆಯಲಾರದು. ಬೆಲ್ಟಿಲ್ಲದವನು ಕಮಾನಿನ ರಕ್ಷಣೆಯಿಂದ ಹೊರಗೆ ಎಸೆಯಲ್ಪಡುತ್ತಾನೆ, ಇಲ್ಲವೇ ಅದೇ ಕಮಾನಿಗೆ ತಲೆ ಬಡಿದುಕೊಳ್ಳುತ್ತಾನೆ.

ರಸ್ತೆ ಕಾರುಗಳ ತಯಾರಕರೂ ತಮ್ಮದೇ ದಾರಿ ಹುಡುಕಿದರು. ಪೋರ್ಷೆ ಕಂಪೆನಿ 1965ರಲ್ಲಿ ‘ಟಾರ್ಗಾ’ ಮಾದರಿಯಲ್ಲಿ ಅಗಲವಾದ ಸ್ಥಿರ ಕಮಾನನ್ನೇ ಅಲಂಕಾರವಾಗಿಸಿತು. 1979ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ತೆರೆದ ಮಾದರಿಗೂ ನಡುವೆ ಕಮಾನಿತ್ತು. ಹಿಡಿಕೆಯಿರುವ ಬುಟ್ಟಿಯಂತೆ ಕಾಣುತ್ತಿದ್ದ ಅದನ್ನು ಜರ್ಮನರು ‘ಸ್ಟ್ರಾಬೆರಿ ಬುಟ್ಟಿ’ ಎಂದು ಗೇಲಿ ಮಾಡಿದರು. ಮರ್ಸಿಡಿಸ್ 1989ರಲ್ಲಿ ಕಮಾನನ್ನು ಆಸನದ ಹಿಂದೆ ಮಲಗಿಸಿಟ್ಟು, ಕಾರು ಮಗುಚುವ ಸೂಚನೆ ಸಿಕ್ಕೊಡನೆ 0.3 ಸೆಕೆಂಡಿನಲ್ಲಿ ತಾನಾಗಿ ಎದ್ದು ನಿಲ್ಲುವಂತೆ ಮಾಡಿತು.

ನೀರಿನ ಪೈಪು ಸಾಲದು

ಒಳ್ಳೆಯ ಕಮಾನು ಹೇಗಿರಬೇಕು ಎಂಬುದನ್ನು ನೋಡಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಅಮೆರಿಕದಲ್ಲಿ 1981ರಲ್ಲಿ ಆರಂಭವಾದ ‘ಫಾರ್ಮುಲಾ ಎಸ್‌ಎಇ’ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಒಬ್ಬರು ಕೂರುವ ತೆರೆದ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸಬೇಕು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡ 2003ರಲ್ಲಿ ಹುಟ್ಟಿದ್ದು ಇಂಥ ಕಾರು ಕಟ್ಟಲೆಂದೇ. ಕರ್ನಾಟಕದಲ್ಲಿ ಕೈಯಾರೆ ಕಟ್ಟಿದ ಹಗುರ ತೆರೆದ ಕಾರು ಎಂದರೆ ಮೊದಲು ನೆನಪಾಗಬೇಕಾದದ್ದು ಇವೇ.

ಈ ಸ್ಪರ್ಧೆಯ ನಿಯಮಗಳು ಕಟ್ಟುನಿಟ್ಟು. ಚಾಲಕನ ಹಿಂದೆ ಒಂದು ಮುಖ್ಯ ಕಮಾನು, ಸ್ಟಿಯರಿಂಗ್ ಬಳಿ ಇನ್ನೊಂದು ಇರಬೇಕು. ಮುಖ್ಯ ಕಮಾನನ್ನು ತುಂಡು ತುಂಡು ಬೆಸೆದು ಮಾಡುವಂತಿಲ್ಲ, ಒಂದೇ ಉಕ್ಕಿನ ಕೊಳವೆಯನ್ನು ಬಗ್ಗಿಸಿ ಮಾಡಬೇಕು. ಕೊಳವೆಯ ಹೊರ ವ್ಯಾಸ ಸುಮಾರು 25 ಮಿ.ಮೀ., ಗೋಡೆಯ ದಪ್ಪ ಸುಮಾರು 2.4 ಮಿ.ಮೀ. ಎರಡೂ ಬದಿಗಳಿಂದ ಓರೆ ಆಸರೆಗಳು ಬೇಕು. ಎರಡು ಕಮಾನುಗಳ ನೆತ್ತಿಗಳ ನಡುವೆ ಒಂದು ದಾರ ಎಳೆದರೆ ಚಾಲಕನ ಹೆಲ್ಮೆಟ್ಟು ಆ ದಾರಕ್ಕಿಂತ ಕನಿಷ್ಠ 50 ಮಿ.ಮೀ. ಕೆಳಗಿರಬೇಕು.

ದಾರದ ಈ ಪರೀಕ್ಷೆ ಸರಳವಾದರೂ ಅರ್ಥಪೂರ್ಣ. ಮಗುಚಿದ ಕಾರು ಹಿಂದಿನ ಕಮಾನೊಂದರ ಮೇಲೇ ನಿಲ್ಲುವುದಿಲ್ಲ. ಹಿಂದಿನ ಕಮಾನು ಮತ್ತು ಮುಂದಿನ ಯಾವುದೋ ಗಟ್ಟಿ ಭಾಗ, ಇವೆರಡರ ಮೇಲೆ ಕವುಚಿ ಕೂರುತ್ತದೆ. ಸೆವೆನ್ ಥರದ ಕಾರಿನಲ್ಲಿ ಮುಂದಿನ ಗಾಜು ಬರೀ ಬೋಲ್ಟಿನಲ್ಲಿ ನಿಂತದ್ದು, ಅದು ಭಾರ ಹೊರದು. ಗಾಜು ಮುರಿದು ಬಿದ್ದ ಮೇಲೂ ತಲೆ ಆ ರೇಖೆಯೊಳಗೆ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಎತ್ತರದ ಆಳು ಕೂತಾಗ ಕಮಾನಿಗಿಂತ ತಲೆಯೇ ಮೇಲಿದ್ದರೆ ಅಂಥ ಕಮಾನು ಇದ್ದೂ ಇಲ್ಲದಂತೆ.

ಎರಡನೆಯ ಪ್ರಶ್ನೆ ಬುಡದ್ದು. ಕಮಾನಿನ ಕಾಲುಗಳು ಗಟ್ಟಿ ಚೌಕಟ್ಟಿಗೆ ಊರಿರಬೇಕು. ತೆಳು ತಗಡಿಗೋ ಫೈಬರ್ ಮೈಗೋ ಬಿಗಿದರೆ ಭಾರ ಬಿದ್ದಾಗ ಅದು ತಳವನ್ನೇ ಹರಿದುಕೊಂಡು ಇಳಿಯುತ್ತದೆ. ಓರೆ ಆಸರೆ ಇಲ್ಲದ ಒಂಟಿ ಕಮಾನು ಮುಂದಕ್ಕೋ ಹಿಂದಕ್ಕೋ ಮಡಚಿಕೊಳ್ಳುತ್ತದೆ. ಹಳೆಯ ಜೀಪಿಗೆ ನೀರಿನ ಪೈಪು ಬಗ್ಗಿಸಿ, ಬಣ್ಣ ಬಳಿದು ಕೂರಿಸಿದ ಕಮಾನು ನೋಟಕ್ಕೆ ಅಸಲಿಯಂತೆಯೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ಒಂದೇ ಸಲ, ಆಗ ತಿಳಿದು ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯಿದೆ. ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿ ಹಿಡಿದಿದೆ. ಈಗ ಕಂಪೆನಿಗಳೇ ಕಮಾನು ಸೇರಿಸಿ ಕೊಡುತ್ತಿವೆ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ತೆರೆದ ಮಾದರಿಯಲ್ಲಿ ಅದು ವಾಹನದ ಅಂಗವೇ ಆಗಿದೆ.

ಕಮಾನು ಇದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. 2022ರ ಜುಲೈ 3ರಂದು ಬ್ರಿಟನ್ನಿನ ಸಿಲ್ವರ್‌ಸ್ಟೋನ್ ರೇಸಿನಲ್ಲಿ ಚೀನಾದ ಚಾಲಕ ಝೌ ಗ್ವಾನ್ಯು ಅವರ ಕಾರು ಬೋರಲಾಗಿ ಜಾರುತ್ತಾ ಹೋಯಿತು. ತಲೆಯ ಹಿಂದಿನ ಕಮಾನು ನೆಲಕ್ಕೆ ಉಜ್ಜಿ ಮುರಿಯಿತು. ಅವರನ್ನು ಉಳಿಸಿದ್ದು 2018ರಲ್ಲಿ ಕಡ್ಡಾಯವಾಗಿದ್ದ ‘ಹೇಲೊ’ ಎಂಬ ಎರಡನೆಯ ರಕ್ಷಣೆ. ಕೋಟಿಗಟ್ಟಲೆ ಬೆಲೆಯ ಕಾರಿನಲ್ಲೇ ಹೀಗಾದ ಮೇಲೆ 2023ರಿಂದ ಕಮಾನಿನ ನಿಯಮಗಳನ್ನು ಬಿಗಿಗೊಳಿಸಲಾಯಿತು.

ರೇಸಿಗಿಂತ ಮೊದಲು ಹೊಲ

ಈಗ ಮೇಲೂರಿನ ಟ್ರ್ಯಾಕ್ಟರಿಗೆ ಮರಳೋಣ. ಸ್ವೀಡನ್ ದೇಶ 1959ರಲ್ಲೇ, ಅಂದರೆ ಫಾರ್ಮುಲಾ ಒನ್‌ಗಿಂತ ಎರಡು ವರ್ಷ ಮೊದಲು, ಹೊಸ ಟ್ರ್ಯಾಕ್ಟರುಗಳಿಗೆಲ್ಲ ಪಲ್ಟಿ ರಕ್ಷಣೆಯ ಚೌಕಟ್ಟು ಇರಬೇಕೆಂದು ಕಾನೂನು ಮಾಡಿತು. ಫಲ ಕಣ್ಣಿಗೆ ಕಾಣುವಂತಿತ್ತು. 1957ರಲ್ಲಿ ಪ್ರತಿ ಲಕ್ಷ ಟ್ರ್ಯಾಕ್ಟರಿಗೆ ಪಲ್ಟಿಯಿಂದ 12ರಷ್ಟಿದ್ದ ಸಾವು 1990ರ ಹೊತ್ತಿಗೆ 0.2ಕ್ಕೆ ಇಳಿಯಿತು. ಬ್ರಿಟನ್ 1970ರಿಂದ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ 1976ರ ಅಕ್ಟೋಬರ್ ನಂತರ ತಯಾರಾದ, ಕೂಲಿಯಾಳು ಓಡಿಸುವ ಟ್ರ್ಯಾಕ್ಟರುಗಳಿಗೆ ನಿಯಮ ಬಂತು.

ಟ್ರ್ಯಾಕ್ಟರು ಎರಡು ಬಗೆಯಲ್ಲಿ ಮಗುಚುತ್ತದೆ. ಕೆರೆ ಏರಿಯ ಅಂಚು, ಹೊಲದ ಬದು, ಹಳ್ಳದ ದಡಗಳಲ್ಲಿ ಪಕ್ಕಕ್ಕೆ ಉರುಳುವುದು ಒಂದು ಬಗೆ. ಹಿಂದಿನ ಚಕ್ರ ಕೆಸರಿನಲ್ಲಿ ಹೂತಾಗ ಜೋರಾಗಿ ಎಕ್ಸಲರೇಟರ್ ಕೊಟ್ಟರೆ ಮುಂಭಾಗವೇ ಮೇಲೆದ್ದು ಹಿಂದಕ್ಕೆ ಮಗುಚಿಕೊಳ್ಳುವುದು ಇನ್ನೊಂದು. ಚಕ್ರ ತಿರುಗಲಾರದೆ ನಿಂತರೆ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೈಯನ್ನೇ ತಿರುಗಿಸಲು ಹೊರಡುತ್ತದೆ. ಎಳೆಯುವ ಭಾರವನ್ನು ಕೊಕ್ಕೆಗಿಂತ ಎತ್ತರಕ್ಕೆ ಕಟ್ಟಿದರೂ ಇದೇ ಅಪಾಯ. ಹಿಂದಕ್ಕೆ ಮಗುಚುವಾಗ ಮುಕ್ಕಾಲು ಸೆಕೆಂಡು ಕಳೆದರೆ ಇನ್ನು ತಡೆಯಲಾಗದ ಸ್ಥಿತಿ ತಲುಪುತ್ತದೆ. ಎತ್ತಿನ ಗಾಡಿಯವನು ನೆಗೆದು ಪಾರಾಗುತ್ತಿದ್ದ. ಸ್ಟಿಯರಿಂಗ್ ಮತ್ತು ಎರಡು ದೊಡ್ಡ ಚಕ್ರಗಳ ನಡುವೆ ಕೂತವನಿಗೆ ಆ ಅವಕಾಶವಿಲ್ಲ.

ಭಾರತದಲ್ಲಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಮಾರಾಟವಾಗುತ್ತವೆ. ಪರದೇಶಕ್ಕೆ ಹೋಗುವ ನಮ್ಮ ಟ್ರ್ಯಾಕ್ಟರುಗಳಿಗೆ ಅಲ್ಲಿನ ಕಾನೂನಿನಂತೆ ಕಮಾನು ಕೂರಿಸಲಾಗುತ್ತದೆ. ಇಲ್ಲಿನ ರೈತನ ಕೈಸೇರುವ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಬಹಳವೆಂದರೆ ಬಿಸಿಲು ತಡೆಯುವ ತಗಡಿನ ಹೊದಿಕೆ ಇರುತ್ತದೆ. ಹೊದಿಕೆ ನೆರಳು ಕೊಡುತ್ತದೆ, ಟ್ರ್ಯಾಕ್ಟರಿನ ಭಾರ ತಡೆಯುವುದಿಲ್ಲ.

ಕಮಾನು ತೋಟದಲ್ಲಿ ಅಡ್ಡಿ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳ ಚಪ್ಪರದಡಿ ಎತ್ತರದ ಕಮಾನು ನುಸುಳದು, ತಂತಿಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆಂದೇ ಮಡಚುವ ಕಮಾನುಗಳು ಬಂದಿವೆ. ಚಪ್ಪರದಡಿ ಮಲಗಿಸಿ, ರಸ್ತೆಗೆ ಬಂದಾಗ ಎತ್ತಿ ಪಿನ್ನು ಹಾಕಬಹುದು. ಮಲಗಿಸಿದ್ದನ್ನು ಎತ್ತಲು ಮರೆಯದಿರುವುದು ಮಾತ್ರ ಚಾಲಕನ ಜವಾಬ್ದಾರಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕಮಾನು ಇರುವ ಟ್ರ್ಯಾಕ್ಟರಿನಲ್ಲಿ ಬೆಲ್ಟು ಕಟ್ಟಲೇಬೇಕು. ಕಮಾನಿಲ್ಲದ ಟ್ರ್ಯಾಕ್ಟರಿನಲ್ಲಿ ಕಟ್ಟಬಾರದು, ಕಟ್ಟಿದರೆ ಅದು ಚಾಲಕನನ್ನು ಮಗುಚುವ ಯಂತ್ರಕ್ಕೇ ಬಿಗಿದಂತೆ. ಕಮಾನು ಮಡಚಿ ಮಲಗಿಸಿರುವಾಗಲೂ ಇದೇ ನಿಯಮ.

ಇನ್ನೊಂದು ಮಾತಿದೆ. ಕಮಾನು ಕಾಯುವುದು ಆಸನದಲ್ಲಿ ಕೂತ ಒಬ್ಬನನ್ನು ಮಾತ್ರ. ಮಡ್‌ಗಾರ್ಡಿನ ಮೇಲೆ ಒಬ್ಬಿಬ್ಬರನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವುದು ನಮ್ಮ ಹಳ್ಳಿಗಳಲ್ಲಿ ದಿನನಿತ್ಯದ ನೋಟ. ಎಷ್ಟೋ ಸಲ ಆ ಜಾಗದಲ್ಲಿ ಕೂತಿರುವುದು ಶಾಲೆಗೆ ಹೊರಟ ಮಗು. ಸ್ವೀಡನ್ನಿನಲ್ಲಿ 1959ರಲ್ಲಿ ಹುಟ್ಟಿದ ಕಾನೂನಾಗಲೀ ಅತ್ಯುತ್ತಮ ಉಕ್ಕಾಗಲೀ ಆ ಮಗುವಿನ ನೆರವಿಗೆ ಬಾರದು. ಅದನ್ನು ಕೆಳಗಿಳಿಸಲು ಯಾವ ಕಾರ್ಖಾನೆಯೂ ಬೇಕಿಲ್ಲ, ಖರ್ಚೂ ಇಲ್ಲ.